ಕರಾವಳಿ ಮಳೆಗಾಲದಲ್ಲಿ ಲೀ-ಎನ್‌ಫೀಲ್ಡ್ ಕೋವಿಯ ಆರೈಕೆ

ಮಂಗಳೂರು, ಉಡುಪಿ ಕಡೆ ಕೋವಿ ಹಾಳಾಗುವುದು ಗುಂಡು ಹೊಡೆದಲ್ಲ, ಕಪಾಟಿನಲ್ಲಿ ಇಟ್ಟಲ್ಲೇ. ವರ್ಷಕ್ಕೆ 3,500 ಮಿ.ಮೀ. ದಾಟುವ ಮಳೆ, ಜತೆಗೆ ಉಪ್ಪುಗಾಳಿ. ಮಳೆ ಹಿಡಿಯುವ ಮೊದಲು ಒಮ್ಮೆ ಬಿಚ್ಚಿ ಒರೆಸಿ ಎಣ್ಣೆ ಹಚ್ಚಲೇಬೇಕು.

ಇಲ್ಲಿ ಹೇಳುವುದು ಶಸ್ತ್ರಾಗಾರಗಳ ಹಳೆಯ ತ್ರೀ-ನಾಟ್-ತ್ರೀ (.303 ಲೀ-ಎನ್‌ಫೀಲ್ಡ್) ಮತ್ತು ಲೈಸನ್ಸ್ ಇರುವ ತೋಟದ ಮನೆಗಳ .315 ರೈಫಲ್ ಬಗ್ಗೆ. .303 ನಾಗರಿಕರಿಗೆ ನಿಷಿದ್ಧ ಬೋರ್ (ನಳಿಗೆಯ ಒಳ ಅಳತೆ). ಸೇನೆಯ ತೋಟೆ ಜನರ ಕೈ ಸೇರಬಾರದೆಂದು ಬ್ರಿಟಿಷರ ಕಾಲದಲ್ಲೇ ಈ ಗೆರೆ ಎಳೆದಿದ್ದರಿಂದ .315 ಬಳಕೆಗೆ ಬಂತು. ಬೋಲ್ಟ್ (ತೋಟೆಯನ್ನು ಒಳಗೆ ತಳ್ಳಿ ಹಿಂದಿನಿಂದ ಮುಚ್ಚುವ ಉಕ್ಕಿನ ಸರಳು) ಮಾತ್ರ ಎರಡರಲ್ಲೂ ಜೇಮ್ಸ್ ಪ್ಯಾರಿಸ್ ಲೀ ವಿನ್ಯಾಸದ್ದೇ.

ಮೊದಲು ಮ್ಯಾಗಜಿನ್ ತೆಗೆಯಿರಿ, ಬೋಲ್ಟ್ ಹಿಂದಕ್ಕೆ ಎಳೆದು ಚೇಂಬರಿಗೆ, ಅಂದರೆ ತೋಟೆ ಕೂರುವ ಜಾಗಕ್ಕೆ, ಬೆರಳು ಹಾಕಿ ಖಾಲಿ ಇದೆಯೇ ನೋಡಿ. ಕಣ್ಣನ್ನಷ್ಟೇ ನಂಬಬೇಡಿ. ಬೋಲ್ಟ್ ಪೂರ್ತಿ ಹಿಂದೆ ಬಂದಾಗ ಬೋಲ್ಟ್ ಹೆಡ್‌ನ ಬಲಗಡೆಯ ತುಟಿಯನ್ನು ಮೇಲಕ್ಕೆ ಎತ್ತಿದರೆ ಅದು ಸ್ಪ್ರಿಂಗ್‌ನಿಂದ ಬಿಡಿಸಿಕೊಳ್ಳುತ್ತದೆ. ಆಮೇಲೆ ಬೋಲ್ಟ್ ಸಲೀಸಾಗಿ ಹೊರಬರುತ್ತದೆ. ಹಿಡಿಯ ಬುಡದಲ್ಲಿರುವ ನಂಬರು ಬಾಡಿಯ (ಬೋಲ್ಟ್ ಓಡುವ ಉಕ್ಕಿನ ಚೌಕಟ್ಟು) ನಂಬರಿಗೆ ತಾಳೆಯಾಗಬೇಕು. ನಾಲ್ಕಾರು ಕೋವಿ ಒಂದೇ ಮೇಜಿನ ಮೇಲೆ ಬಿಚ್ಚಿಟ್ಟರೆ ಬೋಲ್ಟ್ ಅದಲು ಬದಲಾಗುವುದು ಸುಲಭ. ಲೀ ಬೋಲ್ಟಿನ ಲಗ್ಗುಗಳು (ಗುಂಡು ಹಾರುವಾಗ ಬೋಲ್ಟನ್ನು ಬಿಗಿಹಿಡಿಯುವ ಉಬ್ಬುಗಳು) ಹಿಂದೆ ಇವೆ. ಕೈ ಬೇಗ ಓಡುವುದಕ್ಕೆ ಅದೂ ಒಂದು ಕಾರಣ, ಆದರೆ ಎರಡು ಲಗ್ಗೂ ಸಮನಾಗಿ ಕೂರುವಂತೆ ಒಂದೊಂದು ಬೋಲ್ಟನ್ನೂ ಅದರದೇ ಬಾಡಿಗೆ ಉಜ್ಜಿ ಕೂರಿಸಿರುತ್ತಾರೆ. ಬೇರೆ ಬೋಲ್ಟ್ ಹಾಕಿದರೆ ಸಂದು ಹೆಚ್ಚಾಗಿ ತೋಟೆಯ ಹಿತ್ತಾಳೆ ಕೇಸ್ ಬುಡದ ಹತ್ತಿರ ತುಂಡಾಗಬಹುದು.

ನಳಿಗೆಯ ವಿಷಯಕ್ಕೆ ಬರೋಣ. ಲೀ-ಎನ್‌ಫೀಲ್ಡ್‌ಗಿಂತ ಮೊದಲಿನ 1888ರ ಲೀ-ಮೆಟ್‌ಫರ್ಡ್‌ನ ನಳಿಗೆಯೊಳಗೆ ಗುಂಡನ್ನು ತಿರುಗಿಸಲು ಕೊರೆದ ಗೆರೆಗಳು ಆಳವಿಲ್ಲದವು. ಕಪ್ಪು ಮದ್ದಿನ ಮಸಿ ಅವುಗಳಲ್ಲಿ ಕೂರುತ್ತಿರಲಿಲ್ಲ, ಆದರೆ ಕಾರ್ಡೈಟ್ ಎಂಬ ಹೊಗೆ ಕಡಿಮೆಯ ಹೊಸ ಮದ್ದಿನ ಬಿಸಿಗೆ ಬೇಗ ಸವೆದುಹೋದವು. 1895ರಲ್ಲಿ ಇಂಗ್ಲೆಂಡಿನ ಎನ್‌ಫೀಲ್ಡ್ ಕಾರ್ಖಾನೆಯವರು ಮೂಲೆ ಚೂಪಾದ ಐದು ಗೆರೆ ಕೊರೆದರು. 1907ರ ಮಾರ್ಕ್ 3 ರೈಫಲ್‌ನಲ್ಲೂ ಅವೇ ಗೆರೆಗಳು; ಅದನ್ನು ನಮ್ಮ ಇಶಾಪುರ ಕಾರ್ಖಾನೆಯೂ ತಯಾರಿಸಿತು. ಬಾಳಿಕೆ ಹೆಚ್ಚಿತು, ಆದರೆ ಕೊಳೆ ಆ ಮೂಲೆಗಳಲ್ಲೇ ಅಡಗುತ್ತದೆ. ಹಳೆಯ .303 ತೋಟೆಗಳ ಪ್ರೈಮರ್ (ಮದ್ದಿಗೆ ಕಿಡಿ ಕೊಡುವ ಬುಡದ ಬಿಲ್ಲೆ) ಉರಿದಾಗ ಉಳಿಯುವುದು ಒಂದು ಬಗೆಯ ಉಪ್ಪು, ಗಾಳಿಯ ತೇವವನ್ನು ಅದು ಎಳೆದುಕೊಳ್ಳುತ್ತದೆ. ಎಣ್ಣೆಯಲ್ಲಿ ಈ ಉಪ್ಪು ಕರಗುವುದಿಲ್ಲ. ಅದರ ಮೇಲೆ ಎಣ್ಣೆ ಬಳಿದು ಇಟ್ಟರೆ ಎಣ್ಣೆಯ ಕೆಳಗೇ ತುಕ್ಕು ಬೆಳೆಯುತ್ತದೆ. ಆದ್ದರಿಂದ ಹೊಡೆದ ದಿನವೇ ಚೇಂಬರ್ ಕಡೆಯಿಂದ ಬಾಗಿದ ಕೊಳವೆಯ ಆಲಿಕೆಯಲ್ಲಿ ಕುದಿಯುವ ನೀರು, ಒಂದು ಲೀಟರಿನಷ್ಟು, ಹೊಯ್ಯಿರಿ. ಮರಕ್ಕೆ ನೀರು ತಾಗದಿರಲಿ. ತೋಟೆ ಯಾವ ಬಗೆಯದೆಂದು ಖಾತ್ರಿ ಇಲ್ಲದಿದ್ದರೂ ಹೀಗೇ ಮಾಡಿ. ಬಿಸಿಗೆ ನಳಿಗೆ ತಾನೇ ಬೇಗ ಆರುತ್ತದೆ.

ಆಮೇಲೆ ಪುಲ್‌ಥ್ರೂ, ಅಂದರೆ ತುದಿಗೆ ತೂಕ ಕಟ್ಟಿದ ಹಗ್ಗ. ಹಿತ್ತಾಳೆ ತೂಕವನ್ನು ಚೇಂಬರ್ ಕಡೆಯಿಂದ ಇಳಿಬಿಟ್ಟು, ಬಟ್ಟೆ ಸಿಕ್ಕಿಸಿ ಒಂದೇ ಎಳೆತಕ್ಕೆ ನೇರವಾಗಿ ಎಳೆಯಿರಿ. ಓರೆಯಾಗಿ ಎಳೆದರೆ ಮಣ್ಣು ಹಿಡಿದ ಹಗ್ಗ ನಳಿಗೆಯ ಬಾಯಿಯನ್ನು ತೇಯ್ದು ಹಳ್ಳ ಮಾಡುತ್ತದೆ, ಗುರಿ ಕೆಡುತ್ತದೆ. ಬಟ್ಟೆ ಬೆಳ್ಳಗೆ ಬರುವವರೆಗೆ ಒರೆಸಿ, ಕೊನೆಯದಕ್ಕೆ ಗನ್ ಆಯಿಲ್ ಹಚ್ಚಿ. ಕೈಗೆ ಸಿಕ್ಕಿತೆಂದು ತೆಂಗಿನೆಣ್ಣೆ ಬಳಿಯಬೇಡಿ. ಬರಬರುತ್ತ ಅಂಟಾಗಿ ಬೋಲ್ಟಿನೊಳಗಿನ ಸ್ಪ್ರಿಂಗನ್ನು ಹಿಡಿಯುತ್ತದೆ.

ಸೇನಾ ಮಾದರಿಯಲ್ಲಿ ನಳಿಗೆ ಬಾಯಿಯವರೆಗೂ ಮರದೊಳಗೇ ಇರುತ್ತದೆ. ಮೇಲೆ ಹೊಳೆಯುತ್ತಿದ್ದರೂ ಮರದಡಿ ತುಕ್ಕು ತಿಂದಿರಬಹುದು. ವರ್ಷಕ್ಕೊಮ್ಮೆಯಾದರೂ, ತಿಳಿದ ಆರ್ಮರರ್ (ಕೋವಿ ರಿಪೇರಿಗಾರ) ಕೈಯಲ್ಲಿ, ಮುಂದಿನ ಮರ ಬಿಚ್ಚಿಸಿ ನೋಡಿ. ಒಂದು ಮಾತು ನೆನಪಿರಲಿ: ಮುಂದಿನ ಮರ ತೆಗೆಯದೆ ಬಟ್‌ನ ಬೋಲ್ಟ್ (ಹೆಗಲಿಗಿಡುವ ಹಿಂದಿನ ಮರವನ್ನು ಬಾಡಿಗೆ ಬಿಗಿಯುವ ಉದ್ದ ಸ್ಕ್ರೂ) ತಿರುಗಿಸಬಾರದು. ಆ ಬೋಲ್ಟಿನ ಚೌಕ ತುದಿ ಮುಂದಿನ ಮರದ ಹಿಂಬದಿಯ ತಗಡಿನಲ್ಲಿ ಕೂತಿರುತ್ತದೆ, ತಿರುಗಿಸಿದರೆ ಮರ ಸೀಳುತ್ತದೆ. ಎಷ್ಟೋ ಒಳ್ಳೆಯ ಕೋವಿಗಳ ಮರ ಸೀಳಿರುವುದು ಈ ಅವಸರದಿಂದಲೇ. ಮರಕ್ಕೆ ಅಗಸೆ ಎಣ್ಣೆ, ತೆಳ್ಳಗೆ, ಕೈಯಿಂದ ಉಜ್ಜಿ.

ಚರ್ಮದ ಚೀಲದಲ್ಲಿ ಇಡಬೇಡಿ, ಅದು ತೇವ ಬಿಡುವುದೇ ಇಲ್ಲ. ಗೋಡೆಗೆ ತಾಗದಂತೆ, ಬೀಗವಿರುವ ಕಪಾಟಿನಲ್ಲಿ ಸಿಲಿಕಾ ಜೆಲ್ ಜತೆ ಇಡಿ. ತೋಟೆ ಬೇರೆ ಕಡೆ. ಆಯುಧಪೂಜೆಯ ಗಂಧ-ಕುಂಕುಮವನ್ನು ಬಟ್‌ನ ಮರಕ್ಕೆ ಹಚ್ಚಿ, ಉಕ್ಕಿಗೆ ಬೇಡ. ಹಸಿ ಗಂಧ ಒಣಗಿದ ಜಾಗದಲ್ಲಿ ಬೊಟ್ಟಿನ ಆಕಾರದಲ್ಲೇ ತುಕ್ಕು ಏಳುತ್ತದೆ.

ಚುನಾವಣೆ ಹೊತ್ತಿಗೆ ಠಾಣೆಗೆ ಒಪ್ಪಿಸುವ ಮುನ್ನ ನಳಿಗೆಯ ಒಳಗೂ ಹೊರಗೂ ಎಣ್ಣೆ ತುಸು ದಪ್ಪಗೇ ಇರಲಿ. ವಾಪಸ್ ಬಂದ ಮೇಲೆ ಒಣ ಬಟ್ಟೆ ಎಳೆಯದೆ ಗುಂಡು ಹೊಡೆಯಬೇಡಿ. ಚೇಂಬರಿನಲ್ಲಿ ಎಣ್ಣೆ ಇದ್ದರೆ ಕೇಸ್ ಗೋಡೆಯನ್ನು ಹಿಡಿದು ನಿಲ್ಲುವುದಿಲ್ಲ, ಹಿಂದಕ್ಕೆ ಒದೆಯುವ ಬಲವೆಲ್ಲ ಬೋಲ್ಟಿನ ಮೇಲೇ ಬೀಳುತ್ತದೆ.