ಮೆಂಟರ್ ತಂಡ ನಡೆಸುವುದು: ಮೊದಲು ಪರೀಕ್ಷೆಯ ವೇಳಾಪಟ್ಟಿ ನೋಡಿ

ಶಾಲಾ ಮಕ್ಕಳ ಬೆನ್ನಿಗೆ ನಿಲ್ಲಲು ಕಾಲೇಜು ವಿದ್ಯಾರ್ಥಿಗಳು ಮೆಂಟರ್‌ಗಳಾಗಿ, ಅಂದರೆ ಜೊತೆಗಿದ್ದು ದಾರಿ ತೋರುವವರಾಗಿ, ಕಟ್ಟುವ ತಂಡಗಳು ಶುರುವಿನಲ್ಲಿ ಸೋಲುವುದು ಕಡಿಮೆ. ಅವು ಕಳಚಿಕೊಳ್ಳುವುದು ಕಾಲೇಜಿನ ಪರೀಕ್ಷೆ ಹತ್ತಿರ ಬಂದಾಗ. ಅಮೆರಿಕದ ಸಂಶೋಧಕರಾದ ಜೀನ್ ಗ್ರಾಸ್‌ಮನ್ ಮತ್ತು ಜೀನ್ ರೋಡ್ಸ್ 2002ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ವರ್ಷ ದಾಟಿದ ಮೆಂಟರ್–ಮಗು ಜೋಡಿಗಳ ಮಕ್ಕಳಿಗೇ ಹೆಚ್ಚು ಲಾಭ ಕಂಡಿತ್ತು. ಮೂರು ತಿಂಗಳೊಳಗೆ ಮುರಿದ ಜೋಡಿಗಳ ಮಕ್ಕಳು ಕೆಲವು ವಿಷಯಗಳಲ್ಲಿ ಮೊದಲಿಗಿಂತ ಹಿಂದೆ ಬಿದ್ದಿದ್ದರು. ಹಾಗಾಗಿ ನಾಯಕರ ಮುಖ್ಯ ಕೆಲಸ ಜನ ಸೇರಿಸುವುದಲ್ಲ, ಸೇರಿದವರು ನಡುವೆ ಬಿಡದಂತೆ ನೋಡಿಕೊಳ್ಳುವುದು.

ಆಯ್ಕೆ. ಮೆಂಟರ್ ಆಗಲು ಬಂದವರಿಗೆ ಮೊದಲು ಕೇಳಬೇಕಾದ್ದು, ‘ಮುಂದಿನ ಒಂದು ವರ್ಷ ವಾರಕ್ಕೊಂದು ಸಂಜೆ ಕೊಡಬಲ್ಲಿರಾ?’ ಎಂದು. ಕೊನೆಯ ವರ್ಷದವರಿಗೆ ಮಕ್ಕಳನ್ನು ಒಪ್ಪಿಸಬೇಡಿ; ತರಬೇತಿ, ಲೆಕ್ಕಪತ್ರ ಅವರಿಗಿರಲಿ. ಹತ್ತು ಮೆಂಟರ್‌ಗಳಿಗೆ ಇಬ್ಬರನ್ನು ಬದಲಿಯಾಗಿ ಇಟ್ಟುಕೊಳ್ಳಿ. ಬದಲಿಯವರೂ ಮೊದಲ ದಿನದಿಂದಲೇ ಬರಬೇಕು. ಮುಖಪರಿಚಯವಿಲ್ಲದವರ ಎದುರು ಮಕ್ಕಳು ಬಾಯಿ ಬಿಡುವುದಿಲ್ಲ.

ಸುರಕ್ಷತೆ. ಇದರಲ್ಲಿ ರಿಯಾಯಿತಿ ಬೇಡ. ಶಾಲೆಯ ಅನುಮತಿ ಮತ್ತು ಪೋಷಕರ ಸಹಿ ಇರುವ ಒಪ್ಪಿಗೆ ಪತ್ರ ಕೈಗೆ ಬರುವ ತನಕ ಭೇಟಿ ಆರಂಭಿಸಬೇಡಿ. ಭೇಟಿ ಎಲ್ಲರ ಕಣ್ಣಿಗೆ ಬೀಳುವ ಜಾಗದಲ್ಲಿ ನಡೆಯಲಿ: ಬಾಗಿಲು ತೆರೆದ ತರಗತಿ, ಗ್ರಂಥಾಲಯ. ಮನೆಗೆ ಕರೆಯುವುದು, ಬೈಕ್‌ನಲ್ಲಿ ಬಿಟ್ಟುಬರುವುದು, ರಾತ್ರಿ ಖಾಸಗಿ ಮೆಸೇಜ್ ಮಾಡುವುದು ಕೂಡದು. ‘ಯಾರಿಗೂ ಹೇಳಲ್ಲ’ ಎಂದು ಮಾತು ಕೊಡಲೇಬಾರದು. ಹೊಡೆತ, ಲೈಂಗಿಕ ಕಿರುಕುಳ, ಆತ್ಮಹತ್ಯೆಯ ಯೋಚನೆ ಕಿವಿಗೆ ಬಿದ್ದರೆ ಮೆಂಟರ್ ತಾವೇ ವಿಚಾರಣೆಗೆ ಇಳಿಯದೆ, ಅದೇ ದಿನ ಶಾಲೆಯ ಹೊಣೆಗಾರರಿಗೆ ತಿಳಿಸಬೇಕು. ಆ ಹೊಣೆಗಾರರು ಯಾರು, ಅವರ ಫೋನ್ ನಂಬರ್ ಏನು ಎಂಬುದು ಪ್ರತಿ ಮೆಂಟರ್ ಬಳಿ ಬರೆದಿರಲಿ. ದೂರು ಮನೆಯವರ ಮೇಲೆಯೇ ಇದ್ದರೆ ಮೊದಲ ಫೋನ್ ಮನೆಗೆ ಹೋಗಬಾರದು.

ಭೇಟಿ. ವಾರಕ್ಕೊಮ್ಮೆ, ಒಂದೇ ದಿನ, ಒಂದೇ ಹೊತ್ತು. ಒಂದು ಗಂಟೆ ಸಾಕು. ಒಬ್ಬ ಮೆಂಟರ್‌ಗೆ ಒಂದು ಮಗು, ಹೆಚ್ಚೆಂದರೆ ಎರಡು. ಮೊದಲ ಕಾಲು ಗಂಟೆ ಹರಟೆ, ಆಮೇಲೆ ಅರ್ಧ ಗಂಟೆ ಮಗುವೇ ಆರಿಸಿದ ಕೆಲಸ, ಕೊನೆಗೆ ಮುಂದಿನ ವಾರಕ್ಕೊಂದು ಸಣ್ಣ ಗುರಿ. ಹೊಸ ಮೆಂಟರ್‌ಗಳು ಎಡವುವುದು ಉಪದೇಶದಲ್ಲಿ. ಮಗು ‘ಗಣಿತ ಬರಲ್ಲ’ ಎಂದ ತಕ್ಷಣ ಪಾಠ ಶುರುಮಾಡುತ್ತಾರೆ. ಭೇಟಿ ಇನ್ನೊಂದು ಟ್ಯೂಷನ್ ಆಗಿಬಿಡುತ್ತದೆ. ‘ಎಲ್ಲಿಯವರೆಗೆ ಅರ್ಥವಾಗಿತ್ತು?’ ಎಂದು ಕೇಳಿ ಸುಮ್ಮನಿರುವುದನ್ನು ತರಬೇತಿಯಲ್ಲೇ ಜೋಡಿ ಜೋಡಿಯಾಗಿ ಅಭ್ಯಾಸ ಮಾಡಿಸಿ.

ಹಾಜರಿ. ಬಂದವರು, ಬಾರದವರು, ಒಂದು ಸಾಲಿನ ಟಿಪ್ಪಣಿ: ಪುಸ್ತಕದಲ್ಲಿ ಇಷ್ಟಿದ್ದರೆ ಸಾಕು. ಮಗು ಹೇಳಿದ ಖಾಸಗಿ ಸಂಗತಿ ಅಲ್ಲಿ ಬೇಡ, ವಾಟ್ಸ್‌ಆ್ಯಪ್ ಗುಂಪಿನಲ್ಲಂತೂ ಬೇಡವೇ ಬೇಡ. ಮೆಂಟರ್ ಸತತ ಎರಡು ವಾರ ತಪ್ಪಿಸಿದರೆ ನಾಯಕರು ಮೆಸೇಜ್ ಮಾಡದೆ ಎದುರು ಕೂತು ಮಾತಾಡಬೇಕು. ಬಹಳ ಸಲ ಕಾರಣ ಸೋಮಾರಿತನವಲ್ಲ, ‘ನನ್ನಿಂದ ಏನೂ ಆಗುತ್ತಿಲ್ಲ’ ಎಂಬ ಅಳುಕು. ಪರೀಕ್ಷೆಯ ವಾರಗಳನ್ನು ವರ್ಷದ ಆರಂಭದಲ್ಲೇ ಗುರುತು ಹಾಕಿ, ಆ ವಾರಗಳಲ್ಲಿ ಭೇಟಿ ಇಲ್ಲವೆಂದು ಮಕ್ಕಳಿಗೆ ಮುಂಚಿತವಾಗಿ ಹೇಳಿ. ತಿಳಿಸಿ ಕೊಟ್ಟ ರಜೆಯನ್ನು ಮಕ್ಕಳು ಒಪ್ಪುತ್ತಾರೆ. ಕಾದು ಕೂತು ವಾಪಸಾದ ಸಂಜೆಯನ್ನು ಮರೆಯುವುದಿಲ್ಲ.

ಬೀಳ್ಕೊಡುಗೆ. ಮೆಂಟರ್ ಬಿಡುವುದು ಖಚಿತವಾದರೆ ನಾಲ್ಕು ವಾರ ಮುಂಚೆ ಅವರೇ ಮಗುವಿಗೆ ಹೇಳಬೇಕು. ಕೊನೆಯ ಎರಡು ಭೇಟಿಗೆ ಹೊಸಬರೂ ಜೊತೆ ಕೂರಲಿ. ‘ಆಗಾಗ ಬರ್ತೀನಿ’ ಎಂಬ ಮಾತನ್ನು, ಬರುವ ತಾರೀಖು ಗೊತ್ತಿದ್ದರೆ ಮಾತ್ರ ಆಡಲಿ.