ಪರದೆಯ ಮೇಲೊಂದು ಬೇತ್ ಮಿದ್ರಾಶ್: ಯಹೂದಿ ಕಲಿಕೆಯ ಆನ್‌ಲೈನ್ ಕೂಟವನ್ನು ರೂಪಿಸುವ ಬಗೆ

ತಮ್ಮ ಪವಿತ್ರ ಗ್ರಂಥವಾದ ತೋರಾದ ಅಧ್ಯಯನಕ್ಕೆ ಮೊದಲು ಯಹೂದಿಗಳು ಹೇಳುವ ಸ್ತುತಿವಚನದಲ್ಲಿ ‘ಲಅಸೋಕ್’ ಎಂಬ ಹೀಬ್ರೂ ಕ್ರಿಯಾಪದ ಬರುತ್ತದೆ. ತೋರಾದ ಮಾತುಗಳಲ್ಲಿ ತೊಡಗಿಕೊಳ್ಳುವುದು ಎಂದು ಅದರ ಅರ್ಥ. ಅಧ್ಯಯನ ಮಂದಿರವಾದ ಬೇತ್ ಮಿದ್ರಾಶ್‌ನ ಒಳಗೆ ಕಾಲಿಟ್ಟವರಿಗೆ ಈ ಪದವನ್ನು ವಿವರಿಸಬೇಕಾಗುವುದಿಲ್ಲ. ಅಲ್ಲಿ ಇಬ್ಬಿಬ್ಬರು ಎದುರುಬದುರಾಗಿ ಕುಳಿತು, ಒಂದೇ ಪಠ್ಯವನ್ನು ಗಟ್ಟಿಯಾಗಿ ಓದಿ, ಒಬ್ಬರ ಅರ್ಥವನ್ನು ಇನ್ನೊಬ್ಬರು ಪ್ರಶ್ನಿಸುತ್ತಿರುತ್ತಾರೆ. ಈ ಜೋಡಿ ಓದಿಗೆ ಹವ್ರುತಾ ಎಂದು ಹೆಸರು. ಅದೇ ಸಮುದಾಯ ಆನ್‌ಲೈನ್‌ನಲ್ಲಿ ಸೇರಿದಾಗ ಮಾತ್ರ ಒಬ್ಬರು ಐವತ್ತು ನಿಮಿಷ ಮಾತನಾಡಿ, ಉಳಿದವರು ಕ್ಯಾಮೆರಾ ಆರಿಸಿ ಕುಳಿತು, ಕೊನೆಗೆ ‘ಪ್ರಶ್ನೆಗಳಿವೆಯೆ’ ಎಂದು ಕೇಳಿದಾಗ ಮೌನ ಕವಿಯುವುದನ್ನು ನಾವು ಮತ್ತೆ ಮತ್ತೆ ನೋಡುತ್ತೇವೆ. ಆದ್ದರಿಂದ ಕೂಟದ ಯೋಜನೆಯನ್ನು ಆ ಜೋಡಿಯಿಂದಲೇ ಆರಂಭಿಸಬೇಕೆಂಬುದು, ಉಳಿದೆಲ್ಲವೂ ಅದನ್ನು ಅನುಸರಿಸಬೇಕೆಂಬುದು ನನ್ನ ದೃಢವಾದ ಅಭಿಪ್ರಾಯ.

ಮೊದಲು ಪಠ್ಯವನ್ನು ಆರಿಸಿಕೊಳ್ಳಿ, ಅದು ಚಿಕ್ಕದಾಗಿರಲಿ. ಹತ್ತು ಸಾಲು ಮೀರಿದ ಪಠ್ಯವನ್ನು ಇಪ್ಪತ್ತು ನಿಮಿಷಗಳಲ್ಲಿ ಯಾವ ಜೋಡಿಯೂ ಮನಸ್ಸಿಟ್ಟು ಓದಲಾರದು. ಉದಾಹರಣೆಗೆ, ಯಹೂದಿ ವಿದ್ವಾಂಸರ ಧರ್ಮಚರ್ಚೆಗಳ ಪ್ರಾಚೀನ ಸಂಕಲನವಾದ ತಾಲ್ಮುದ್‌ನ ತಅನಿತ್ ಭಾಗದ 7ನೇ ಹಾಳೆಯನ್ನು ತೆಗೆದುಕೊಳ್ಳಿ. ತೋರಾದ ಮಾತುಗಳನ್ನು ಬೆಂಕಿಗೆ ಹೋಲಿಸಿರುವುದೇಕೆ ಎಂದು ಅಲ್ಲಿ ಕೇಳಲಾಗಿದೆ. ಒಂಟಿಯಾದ ಕಟ್ಟಿಗೆಯಲ್ಲಿ ಬೆಂಕಿ ತಾನಾಗಿ ಹೊತ್ತಿಕೊಳ್ಳದಂತೆ, ಒಂಟಿಯಾಗಿ ಕಲಿಯುವವನಲ್ಲಿ ತೋರಾ ನಿಲ್ಲುವುದಿಲ್ಲ ಎಂಬ ಉತ್ತರವಿದೆ. ಮುಂದುವರಿದು, ಚಿಕ್ಕ ಕಟ್ಟಿಗೆ ದೊಡ್ಡ ಕಟ್ಟಿಗೆಯನ್ನು ಹೊತ್ತಿಸುವಂತೆ ಕಿರಿಯ ವಿದ್ವಾಂಸರು ಹಿರಿಯರನ್ನು ಹರಿತಗೊಳಿಸುತ್ತಾರೆ ಎಂಬ ಮಾತು ಬರುತ್ತದೆ. ಅದರ ಬೆನ್ನಿಗೇ ರಬ್ಬಿ (ಯಹೂದಿ ಧರ್ಮಗುರು) ಹನಿನಾ ಅವರು, ಗುರುಗಳಿಂದ ಬಹಳ ಕಲಿತೆ, ಜೊತೆಗಾರರಿಂದ ಅದಕ್ಕಿಂತ ಹೆಚ್ಚು ಕಲಿತೆ, ಶಿಷ್ಯರಿಂದ ಎಲ್ಲಕ್ಕಿಂತ ಹೆಚ್ಚು ಕಲಿತೆ ಎನ್ನುತ್ತಾರೆ. ಇಷ್ಟು ಒಂದು ಕೂಟಕ್ಕೆ ಧಾರಾಳವಾಗಿ ಸಾಕು.

ಈ ಪಠ್ಯವನ್ನು ಒಂದೇ ಪುಟದಲ್ಲಿ, ಮೂಲ ಮತ್ತು ಅನುವಾದ ಅಕ್ಕಪಕ್ಕ ಬರುವಂತೆ ಜೋಡಿಸಿ. ಉಚಿತ ಡಿಜಿಟಲ್ ಗ್ರಂಥಾಲಯವಾದ ಸೆಫಾರಿಯಾದಲ್ಲಿ ಇಂತಹ ಪಠ್ಯಹಾಳೆಯನ್ನು ಸಿದ್ಧಪಡಿಸುವ ಸೌಲಭ್ಯವಿದೆ. ಬೇರೆ ತಂತ್ರಾಂಶ ಬಳಸುವುದಾದರೆ, ಹೀಬ್ರೂ ಬಲದಿಂದ ಎಡಕ್ಕೆ ಬರೆಯುವ ಲಿಪಿಯಾದುದರಿಂದ ಸಾಲುಗಳೂ ವಿರಾಮಚಿಹ್ನೆಗಳೂ ಸ್ಥಾನಪಲ್ಲಟವಾಗಿವೆಯೇ ಎಂದು ಮೊಬೈಲ್ ಪರದೆಯಲ್ಲಿ ತೆರೆದು ಪರಿಶೀಲಿಸಿ. ಕೆಲವರು ಹಾಳೆಯನ್ನು ಮುದ್ರಿಸಿಕೊಳ್ಳುತ್ತಾರೆ. ದೇವರ ನಾಮವಿರುವ ಕಾಗದವನ್ನು ಕಸಕ್ಕೆ ಹಾಕದೆ ಗೆನಿಜಾದಲ್ಲಿ, ಅಂದರೆ ಅಂತಹ ಕಾಗದಗಳಿಗೆಂದೇ ಇರುವ ಸಂಗ್ರಹಸ್ಥಳದಲ್ಲಿ, ಇರಿಸಿ ಮುಂದೆ ಹೂಳುವ ಸಂಪ್ರದಾಯವಿರುವುದರಿಂದ, ಆ ನಾಮವಿರುವಲ್ಲಿ ಸಂಕ್ಷೇಪವನ್ನು ಬಳಸುವುದು ಒಳ್ಳೆಯದು.

ಇನ್ನು ಪ್ರಶ್ನೆ. ನನ್ನ ಅನುಭವದಲ್ಲಿ ಕೂಟದ ಅರ್ಧ ಯಶಸ್ಸು ಇಲ್ಲೇ ನಿರ್ಧಾರವಾಗುತ್ತದೆ. ಆರಂಭದ ದಿನಗಳಲ್ಲಿ ನಾನು ಒಂದು ಹಾಳೆಗೆ ಆರು ಪ್ರಶ್ನೆಗಳನ್ನು ಬರೆದಿದ್ದೆ. ಎಲ್ಲ ಜೋಡಿಗಳೂ ಪರೀಕ್ಷೆ ಬರೆಯುವವರಂತೆ ಓಡಿ, ಯಾವುದರಲ್ಲಿಯೂ ನಿಲ್ಲದೆ ಹಿಂದಿರುಗಿದವು. ಈಗ ಎರಡೇ ಪ್ರಶ್ನೆ ಕೊಡುತ್ತೇನೆ. ಮೊದಲನೆಯದಕ್ಕೆ ಉತ್ತರ ಹುಡುಕಲು ಪಠ್ಯಕ್ಕೇ ಮರಳಬೇಕು: ‘ಬೆಂಕಿಯ ಹೋಲಿಕೆಯಲ್ಲಿ ಇಬ್ಬರೂ ಸಮಾನರು, ಕಟ್ಟಿಗೆಯ ಹೋಲಿಕೆಯಲ್ಲಿ ಒಬ್ಬರು ಚಿಕ್ಕವರು, ಒಬ್ಬರು ದೊಡ್ಡವರು. ಈ ವ್ಯತ್ಯಾಸದಿಂದ ಏನು ಬದಲಾಗುತ್ತದೆ?’ ಎರಡನೆಯದು ಬದುಕಿಗೆ ಸಂಬಂಧಿಸಿದ್ದು: ‘ನಿಮಗಿಂತ ಕಿರಿಯರ ಒಂದು ಮಾತು ನಿಮ್ಮ ನಿಲುವನ್ನು ಬದಲಿಸಿದ್ದುಂಟೆ?’ ಈ ಕ್ರಮವನ್ನು ತಿರುಗಿಸಬೇಡಿ. ಬದುಕಿನ ಕಥೆ ಮೊದಲು ಬಂದರೆ ಪಠ್ಯ ಮರೆತೇಹೋಗುತ್ತದೆ.

ಎಪ್ಪತ್ತೈದು ನಿಮಿಷಗಳ ಕೂಟವಾದರೆ, ಆರಂಭದ ಹತ್ತು ನಿಮಿಷ ಪ್ರತಿಯೊಬ್ಬರೂ ಏನಾದರೂ ಮಾಡುವಂತಿರಲಿ. ದ್ರಾಕ್ಷಾರಸದ ಮೇಲೆ ಸ್ತುತಿ ಹೇಳಲು ಬಳಸುವ, ಮನೆಯಲ್ಲಿರುವ ಕಿದ್ದುಶ್ ಬಟ್ಟಲನ್ನೋ ಅಜ್ಜಿಯ ಪ್ರಾರ್ಥನಾ ಪುಸ್ತಕವನ್ನೋ ಕ್ಯಾಮೆರಾಗೆ ಹಿಡಿದು ಒಂದು ವಾಕ್ಯ ಹೇಳುವಂತೆ ಕೋರಬಹುದು. ಜನ ಹೆಚ್ಚಿದ್ದರೆ ಆ ವಾಕ್ಯವನ್ನು ಚಾಟ್‌ನಲ್ಲಿ ಬರೆಯಲಿ. ಬಳಿಕ ಪಠ್ಯದ ಹಿನ್ನೆಲೆಗೆ ಎಂಟು ನಿಮಿಷ ಸಾಕು. ಅನಂತರ ಎಲ್ಲರನ್ನೂ ಜೋಡಿಗಳಾಗಿ ಬ್ರೇಕೌಟ್ ರೂಮ್‌ಗಳಿಗೆ, ಅಂದರೆ ಕೂಟದೊಳಗಿನ ಪ್ರತ್ಯೇಕ ಚಿಕ್ಕ ಕೋಣೆಗಳಿಗೆ, ಕಳಿಸಿ, ಕನಿಷ್ಠ ಇಪ್ಪತ್ತೈದು ನಿಮಿಷ ಅಲ್ಲಿಯೇ ಬಿಡಿ. ಅಪರಿಚಿತರ ನಡುವೆ ಮೊದಲ ಐದು ನಿಮಿಷ ಪರಿಚಯಕ್ಕೇ ಹೋಗುತ್ತದೆ. ಹತ್ತು ನಿಮಿಷಕ್ಕೆ ಎಲ್ಲರನ್ನೂ ಹಿಂದಕ್ಕೆ ಕರೆಯುವುದು ಮಾತು ಕಾವೇರುವ ಹೊತ್ತಿಗೆ ಒಲೆ ಆರಿಸಿದಂತೆ. ಪ್ರತಿ ರೂಮ್‌ನಲ್ಲಿ ಒಬ್ಬರು ಮೊದಲು ಗಟ್ಟಿಯಾಗಿ ಓದಬೇಕು ಎಂಬ ನಿಯಮವನ್ನು ಕಳಿಸುವ ಮೊದಲೇ ಹೇಳಿ, ಪಠ್ಯದ ಕೊಂಡಿಯನ್ನೂ ಆಗಲೇ ಚಾಟ್‌ನಲ್ಲಿ ಹಾಕಿ. ಪರದೆಯಲ್ಲಿ ತೋರಿಸಿದ ಹಾಳೆ ರೂಮ್‌ಗೆ ಹೋದವರ ಜೊತೆ ತಾನಾಗಿ ಹೋಗುವುದಿಲ್ಲ. ಹವ್ರುತಾ ಇಬ್ಬರದೇ ಆದರೂ, ಸಂಪರ್ಕ ಕಡಿದು ಒಬ್ಬರೇ ಉಳಿಯುವ ಸಂಭವವಿರುವುದರಿಂದ ಹೊಸಬರು ಹೆಚ್ಚಿರುವ ದಿನ ಮೂವರನ್ನು ಸೇರಿಸುವುದು ಕ್ಷೇಮ.

ಎಲ್ಲರೂ ಹಿಂದಿರುಗಿದಾಗ ‘ಏನು ಚರ್ಚಿಸಿದಿರಿ’ ಎಂದು ವರದಿ ಕೇಳಬೇಡಿ. ತಾಲ್ಮುದ್‌ನ ಎರುವಿನ್ ಭಾಗದ 13ನೇ ಹಾಳೆಯಲ್ಲಿ ಹಿಲ್ಲೆಲ್ ಮತ್ತು ಶಮ್ಮಾಯ್ ಎಂಬ ಇಬ್ಬರು ಪ್ರಾಚೀನ ಗುರುಗಳ ಪಂಥಗಳು ಮೂರು ವರ್ಷ ವಾದಿಸಿದ ಪ್ರಸಂಗವಿದೆ. ಎರಡೂ ಜೀವಂತ ದೇವರ ಮಾತುಗಳೇ, ಆದರೆ ಆಚರಣೆ ಹಿಲ್ಲೆಲ್ ಪಂಥದಂತೆ ಎಂದು ಆಕಾಶವಾಣಿಯಾಯಿತು. ಹಿಲ್ಲೆಲ್ ಪಂಥದವರು ಸೌಮ್ಯರಾಗಿದ್ದು, ತಮ್ಮ ಮಾತಿಗಿಂತ ಮೊದಲು ಶಮ್ಮಾಯ್ ಪಂಥದ ಮಾತನ್ನು ಹೇಳುತ್ತಿದ್ದರು ಎಂಬ ಕಾರಣವನ್ನೂ ಅಲ್ಲಿ ಕೊಡಲಾಗಿದೆ. ಇದನ್ನೇ ಕೂಟದ ಪದ್ಧತಿಯನ್ನಾಗಿ ಮಾಡಿಕೊಳ್ಳಿ: ಪ್ರತಿಯೊಬ್ಬರೂ ತಮ್ಮ ಜೊತೆಗಾರರ ಒಂದು ವಿಚಾರವನ್ನು ಮಾತ್ರ ಹೇಳಲಿ. ಜೊತೆಗಾರರು ‘ಹೌದು, ಅದನ್ನೇ ಹೇಳಿದೆ’ ಎಂದೋ ‘ಅಷ್ಟಲ್ಲ, ಇನ್ನೂ ಇದೆ’ ಎಂದೋ ಸೇರಿಸುತ್ತಾರೆ. ಸ್ವಂತ ಮಾತನ್ನು ಎಲ್ಲರೆದುರು ಹೇಳಲು ಹಿಂಜರಿಯುವವರು ಸಹ ಇನ್ನೊಬ್ಬರ ಮಾತನ್ನು ಸಂತೋಷದಿಂದ ಹೇಳುವುದನ್ನು ನಾನು ಕಂಡಿದ್ದೇನೆ.

ಸಂಕೋಚಪಡುವವನು ಕಲಿಯಲಾರ, ಸಿಡುಕುವವನು ಕಲಿಸಲಾರ ಎಂದು ಪ್ರಾಚೀನ ಗುರುಗಳ ನೀತಿವಚನಗಳ ಸಂಗ್ರಹವಾದ ಪಿರ್ಕೆ ಅವೋತ್‌ನ ಎರಡನೆಯ ಅಧ್ಯಾಯದಲ್ಲಿದೆ. ಹೀಬ್ರೂ ಓದಲು ಬಾರದವರು, ಈಚೆಗೆ ಯಹೂದಿ ಧರ್ಮಕ್ಕೆ ಬಂದವರು, ಬಾಲ್ಯದಿಂದ ತಾಲ್ಮುದ್ ಓದಿದವರು ಒಂದೇ ಪರದೆಯಲ್ಲಿರುವಾಗ ಆ ಸಂಕೋಚವನ್ನು ಕಡಿಮೆ ಮಾಡುವುದು ಕೂಟ ನಡೆಸುವವರ ಹೊಣೆ. ಯಾರನ್ನೂ ಹೆಸರು ಹಿಡಿದು ಮೂಲವನ್ನು ಓದಲು ಕೇಳಬೇಡಿ. ಪರಿಭಾಷೆಯ ಪದ ಬಂದಾಗಲೆಲ್ಲ ಅದರ ಅರ್ಥವನ್ನು ಒಬ್ಬ ಸಹಾಯಕರು ಚಾಟ್‌ನಲ್ಲಿ ಬರೆಯುತ್ತಿರಲಿ. ಹೀಬ್ರೂ ಪದಗಳನ್ನು ಸ್ವಯಂಚಾಲಿತ ಶೀರ್ಷಿಕೆಗಳು ಹಲವು ಬಾರಿ ತಪ್ಪಾಗಿ ತೋರಿಸುವುದರಿಂದ, ಕಿವಿ ಮಂದವಾದವರಿಗೂ ಇದರಿಂದ ಉಪಕಾರವಾಗುತ್ತದೆ.

ದಿನ ಗೊತ್ತುಮಾಡುವಾಗ ಯಹೂದಿ ಪಂಚಾಂಗವನ್ನು ಮುಂದಿಟ್ಟುಕೊಳ್ಳಿ. ವಾರದ ವಿಶ್ರಾಂತಿ ದಿನವಾದ ಶಬ್ಬಾತ್ ಶುಕ್ರವಾರದ ಸೂರ್ಯಾಸ್ತಕ್ಕೆ ಆರಂಭವಾಗಿ ಶನಿವಾರ ನಕ್ಷತ್ರಗಳು ಕಾಣಿಸುವವರೆಗೆ ಇರುತ್ತದೆ, ಆ ಅವಧಿಯಲ್ಲಿ ಆಚಾರವಂತರು ಕಂಪ್ಯೂಟರ್ ಮುಟ್ಟುವುದಿಲ್ಲ. ಡಿಸೆಂಬರ್‌ನಲ್ಲಿ ಲಂಡನ್‌ನ ಸೂರ್ಯ ಸಂಜೆ ನಾಲ್ಕಕ್ಕೆ ಮೊದಲೇ ಮುಳುಗುತ್ತಾನೆ, ಆದ್ದರಿಂದ ಶುಕ್ರವಾರ ಮಧ್ಯಾಹ್ನವೂ ತಕ್ಕ ಸಮಯವಲ್ಲ. ತೋರಾ ದೊರೆತುದನ್ನು ನೆನೆಯುವ ಶಾವುಓತ್ ಹಬ್ಬದ ರಾತ್ರಿಯಿಡೀ ಕಲಿಯುವ ಪದ್ಧತಿಯಿದೆ. ಹಬ್ಬದಂದೂ ಆಚಾರವಂತರು ಕಂಪ್ಯೂಟರ್ ಮುಟ್ಟದಿರುವುದರಿಂದ, 2020ರಲ್ಲಿ ಅನೇಕ ಸಮುದಾಯಗಳು ಆ ಕಲಿಕೆಯನ್ನು ಹಬ್ಬ ಹುಟ್ಟುವ ಮೊದಲೇ ಆನ್‌ಲೈನ್‌ನಲ್ಲಿ ನಡೆಸಿದವು, ಉದಾರ ಪಂಥದ ಕೆಲವರು ರಾತ್ರಿಯೇ ಸೇರಿದರು. ಜೆರುಸಲೇಮಿನ ದೇವಾಲಯದ ನಾಶವನ್ನು ನೆನೆಯುವ ತಿಶಾ ಬೆ’ಆವ್ ಉಪವಾಸದ ದಿನ ಶೋಕಕ್ಕೆ ಸಂಬಂಧಿಸಿದ ಪಠ್ಯಗಳನ್ನು ಮಾತ್ರ ಓದುವುದು ರೂಢಿ. ಜೆರುಸಲೇಮ್ ಮತ್ತು ನ್ಯೂಯಾರ್ಕ್‌ಗಳ ನಡುವೆ ಸಾಮಾನ್ಯವಾಗಿ ಏಳು ಗಂಟೆಗಳ ಅಂತರವಿದ್ದರೂ, ಗಡಿಯಾರ ಬದಲಿಸುವ ದಿನಗಳು ಬೇರೆಬೇರೆಯಾದುದರಿಂದ ಮಾರ್ಚ್‌ನಲ್ಲಿ ಕೆಲವು ದಿನ ಅದು ಆರು ಗಂಟೆಯಾಗುತ್ತದೆ. ಕಲಿಕೆಯ ಬಳಿಕ ಕದ್ದಿಶ್ ಎಂಬ ದೇವಸ್ತುತಿಯನ್ನು ಹೇಳುವ ಇಚ್ಛೆಯಿದ್ದರೆ, ಪರದೆಯ ಮೇಲೆ ಸೇರಿದ ಹತ್ತು ಮಂದಿ ಅದಕ್ಕೆ ಬೇಕಾದ ಹತ್ತು ಜನರ ಪ್ರಾರ್ಥನಾ ಸಭೆ, ಅಂದರೆ ಮಿನ್ಯಾನ್, ಆಗುತ್ತಾರೆಯೇ ಎಂಬುದರಲ್ಲಿ ಪಂಥಗಳ ನಡುವೆ ಭಿನ್ನಾಭಿಪ್ರಾಯವಿರುವುದರಿಂದ, ನಿಮ್ಮ ರಬ್ಬಿಯವರನ್ನು ಮುಂಚಿತವಾಗಿ ಕೇಳಿ.

ಭದ್ರತೆಯನ್ನು ಕಡೆಗಣಿಸಬೇಡಿ. 2020ರಲ್ಲಿ ಯಹೂದಿ ಕೂಟಗಳಿಗೆ ದ್ವೇಷಿಗಳು ನುಗ್ಗಿ ನಿಂದಿಸಿದ ಪ್ರಕರಣಗಳು ಹಲವು ನಡೆದವು. ಕೊಂಡಿಯನ್ನು ಬಹಿರಂಗವಾಗಿ ಹಂಚದೆ ನೋಂದಾಯಿಸಿದವರಿಗೆ ಮಾತ್ರ ಕಳಿಸಿ, ವೇಟಿಂಗ್ ರೂಮ್ ಬಳಸಿ, ಸ್ಕ್ರೀನ್ ಶೇರ್ ಮಾಡುವ ಅಧಿಕಾರವನ್ನು ನಡೆಸುವವರಲ್ಲಿಯೇ ಉಳಿಸಿಕೊಳ್ಳಿ. ಬಾಗಿಲು ಕಾಯುವ ಕೆಲಸಕ್ಕೆ ಒಬ್ಬರು ಪ್ರತ್ಯೇಕವಾಗಿ ಇರಬೇಕು. ಚರ್ಚೆ ನಡೆಸುವವರು ಎರಡನ್ನೂ ಮಾಡಲಾರರು.

ಕೊನೆಯ ಐದು ನಿಮಿಷಗಳಲ್ಲಿ ಪಠ್ಯವನ್ನು ಮತ್ತೊಮ್ಮೆ ಗಟ್ಟಿಯಾಗಿ ಓದಿಸಿ. ಚರ್ಚೆಯಾದ ಮೇಲೆ ಅದೇ ಸಾಲುಗಳು ಬೇರೆಯಾಗಿ ಕೇಳಿಸುತ್ತವೆ. ತಾಲ್ಮುದ್‌ನ ಒಂದು ಭಾಗವನ್ನು ಮುಗಿಸಿದವರು ‘ಹದ್ರಾನ್ ಅಲಾಖ್’, ನಿನ್ನಲ್ಲಿಗೆ ನಾವು ಮರಳಿ ಬರುತ್ತೇವೆ, ಎಂದು ಆ ಭಾಗಕ್ಕೇ ಹೇಳುತ್ತಾರೆ. ಒಂದೇ ಪುಟ ಓದಿದ ಕೂಟಕ್ಕೆ ಆ ವಿಧಿ ಬೇಕಾಗಿಲ್ಲ. ಆದರೆ ಎಲ್ಲರೂ ನಿರ್ಗಮಿಸುವ ಮುನ್ನ ಮುಂದಿನ ಕೂಟದ ದಿನವನ್ನು ತಿಳಿಸಿ, ಯಾರಿಗೆ ಇದೇ ಜೊತೆಗಾರರು ಬೇಕೆಂದು ಕೇಳಿ ಬರೆದುಕೊಳ್ಳಿ, ಮರುದಿನವೇ ಆ ಜೋಡಿಗಳಿಗೆ ಹೊಸ ಪಠ್ಯದ ಹಾಳೆಯನ್ನು ಕಳಿಸಿ.