ಪೋಲೋ ಜಿಟಿ ಟಿಎಸ್‌ಐ ರೀಮ್ಯಾಪ್: ನನಗೆ ನಿಜವಾಗಿ ಸಿಕ್ಕಿದ್ದೆಷ್ಟು

ಕಂಪನಿ ಕೊಟ್ಟದ್ದು 105 ಪಿಎಸ್ ಶಕ್ತಿ, 175 ಎನ್‌ಎಂ ಟಾರ್ಕ್ (ತಿರುಗಿಸುವ ಬಲ). ಈಗ ಇರುವುದು ಸುಮಾರು 123 ಪಿಎಸ್, 220ರ ಆಸುಪಾಸು ಎನ್‌ಎಂ. ನನ್ನ 1.2 ಲೀಟರ್ ಪೋಲೋ ಜಿಟಿ ಟಿಎಸ್‌ಐಗೆ ರೀಮ್ಯಾಪ್‌ನಿಂದ, ಅಂದರೆ ಎಂಜಿನ್ ಕಂಪ್ಯೂಟರಿನ ಫೈಲ್ ಬದಲಿಸಿದ್ದರಿಂದ, ಸಿಕ್ಕಿದ್ದು ಇಷ್ಟೇ. "ಎಂತ ಮಾರಾಯ, ಹದಿನೆಂಟು ಪಿಎಸ್‌ಗೆ ಇಷ್ಟೆಲ್ಲ ಖರ್ಚಾ?" ಅಂತ ಸುರತ್ಕಲ್‌ನ ಗೆಳೆಯ ನಕ್ಕಿದ್ದ. "ಆರು ತಿಂಗಳಲ್ಲಿ ಡಿಎಸ್‌ಜಿ ಕೈ ಕೊಡ್ತದೆ, ನೋಡ್ತಾ ಇರು" ಅಂತ ಇನ್ನೊಬ್ಬ. ಡಿಎಸ್‌ಜಿ ಅಂದರೆ ಇದರ ಆಟೋಮ್ಯಾಟಿಕ್ ಗೇರ್‌ಬಾಕ್ಸ್. ಮ್ಯಾಪ್ ಹಾಕಿ ನಲವತ್ತು ಸಾವಿರ ಕಿಲೋಮೀಟರ್ ದಾಟಿದೆ. ಗೇರ್‌ಬಾಕ್ಸ್ ಬಿಚ್ಚಿಲ್ಲ. ನಕ್ಕವನೇ ಮೊನ್ನೆ ಫೋನ್ ಮಾಡಿ ತನ್ನ ಕಾರಿಗೂ ಇದೇ ಫೈಲ್ ಬೇಕು ಅಂದ.

ಇದೇ ಗಾಡಿಗೆ 150 ಪಿಎಸ್ ಮಾಡಿ ಕೊಡುತ್ತೇವೆ ಅನ್ನುವವರು ಬೇಕಾದಷ್ಟು ಜನ ಇದ್ದಾರೆ. ನೀವೇ ಲೆಕ್ಕ ಹಾಕಿ. ಟಾರ್ಕನ್ನು ಆರ್‌ಪಿಎಂನಿಂದ ಗುಣಿಸಿ 7024ರಿಂದ ಭಾಗಿಸಿದರೆ ಪಿಎಸ್. 5000ದಲ್ಲಿ 150 ಬೇಕಾದರೆ ಅಲ್ಲಿ 210 ಎನ್‌ಎಂ ಇರಬೇಕು. ಸ್ಟಾಕ್‌ನಲ್ಲಿ, ಅಂದರೆ ಕಂಪನಿ ಫೈಲಿನಲ್ಲಿ, ಅಲ್ಲಿ ಇರುವುದು 147. ಎಂಜಿನ್‌ಗೆ ಗಾಳಿ ಒತ್ತಿ ತುಂಬುವ ಈ ಪುಟ್ಟ ಟರ್ಬೋಗೆ ಅಷ್ಟು ಮೇಲೆ ದಮ್ ಇಲ್ಲ. ಒತ್ತಾಯ ಮಾಡಿದರೆ ಬರುವುದು ಬಿಸಿಗಾಳಿ. ಲಾಭ ಇರುವುದು ನಡುವಿನಲ್ಲಿ. 3000ದಲ್ಲಿ 175 ಎನ್‌ಎಂ ಅಂದರೆ 75 ಪಿಎಸ್, 220 ಅಂದರೆ 94. ನಾವು ದಿನಾ ಓಡಿಸುವುದು ಅಲ್ಲೇ ಅಲ್ವಾ?

ಮೊದಲ ಮ್ಯಾಪ್ ಹಾಕಿಸಿದ್ದು ಬೆಂಗಳೂರಿನ ಒಂದು ಕಡೆ. ಇಪ್ಪತ್ತೆಂಟು ಸಾವಿರ ಕೊಟ್ಟೆ. ಡೈನೋ (ಶಕ್ತಿ ಅಳೆಯುವ ಯಂತ್ರ) ಶೀಟಿನಲ್ಲಿ 140 ಪಿಎಸ್ ಮೇಲೆ ಬಂತು. ಆ ಶೀಟಿನ ಕತೆ ಸ್ವಲ್ಪ ಹೇಳಲೇಬೇಕು. ಬೆಂಗಳೂರಿನಲ್ಲಿ ಗಾಳಿಯ ಒತ್ತಡ ನಮ್ಮ ಕರಾವಳಿಗಿಂತ ಶೇ. 10ರಷ್ಟು ಕಮ್ಮಿ. ಡೈನೋ ಸಾಫ್ಟ್‌ವೇರ್‌ನಲ್ಲಿ ಗಾಳಿ ಒತ್ತಡದ ಕರೆಕ್ಷನ್ ಆನ್ ಇದ್ದರೆ ಅದು ಹೆಚ್ಚುಕಮ್ಮಿ ಅಷ್ಟನ್ನೂ ಮೇಲಿಂದ ಸೇರಿಸುತ್ತದೆ. ಟರ್ಬೋ ಇಲ್ಲದ ಎಂಜಿನ್‌ಗೆ ಅದು ಸರಿ. ನಮ್ಮ ಗಾಡಿಯಲ್ಲಿ ಇಸಿಯು (ಎಂಜಿನ್ ಕಂಪ್ಯೂಟರ್) ಮ್ಯಾನಿಫೋಲ್ಡ್ (ಎಂಜಿನ್‌ಗೆ ಗಾಳಿ ಹೋಗುವ ಕೊಳವೆ) ಒತ್ತಡವನ್ನೇ ಗುರಿ ಇಟ್ಟು ಟರ್ಬೋ ಓಡಿಸುತ್ತದೆ, ನಷ್ಟದ ಬಹುಪಾಲು ಅಲ್ಲೇ ತುಂಬಿರುತ್ತದೆ. ಅದರ ಮೇಲೆ ಸೇರಿಸಿದ್ದೆಲ್ಲ ಪುಕ್ಕಟೆ ಪಿಎಸ್. ಶೀಟ್ ಕೈಗೆ ಬಂದ ಕೂಡಲೇ ಕರೆಕ್ಷನ್ ಇಲ್ಲದ ನಂಬರ್ ಕೇಳಿ. ಮುಖ ಹೇಗಾಗುತ್ತದೆ ನೋಡಿ.

ಶಿರಾಡಿ ಇಳಿದು ಊರಿಗೆ ಬಂದ ಮೇಲೆ ನಿಜ ಗೊತ್ತಾಯಿತು. ಬೆಳಿಗ್ಗೆ ಗಾಡಿ ಚೆನ್ನಾಗಿಯೇ ಓಡುತ್ತಿತ್ತು. ಏಪ್ರಿಲ್ ಮಧ್ಯಾಹ್ನ, ಎಸಿ ಹಾಕಿ, ಮಂಗಳೂರಿನ ನಂತೂರು ಟ್ರಾಫಿಕ್‌ನಲ್ಲಿ ಹತ್ತು ನಿಮಿಷ ಸಿಕ್ಕಿಹಾಕಿಕೊಂಡು ಹೊರಟರೆ ಸ್ಟಾಕ್‌ಗಿಂತಲೂ ಮಂದ. ಕಾರಿನ ಕಂಪ್ಯೂಟರ್ ಓದುವ ವಿಸಿಡಿಎಸ್ ಸಾಫ್ಟ್‌ವೇರ್‌ನಲ್ಲಿ ಲಾಗ್ ತೆಗೆದೆ. ಇನ್‌ಟೇಕ್ ಗಾಳಿ ಅರವತ್ತು ಡಿಗ್ರಿ ದಾಟಿತ್ತು. ಆ ಬಿಸಿಗೆ ಎರಡು ಸಿಲಿಂಡರ್‌ನಲ್ಲಿ ಸ್ಪಾರ್ಕ್ ಟೈಮಿಂಗ್ ಏಳೆಂಟು ಡಿಗ್ರಿ ಹಿಂದೆ ಹೋಗುತ್ತಿತ್ತು. ಬೂಸ್ಟ್ (ಟರ್ಬೋ ಕೊಡುವ ಒತ್ತಡ) ಇದೆ, ಸ್ಪಾರ್ಕ್ ತಡವಾಗಿ ಬೀಳುತ್ತಿದೆ, ಶಕ್ತಿ ಎಲ್ಲಿಂದ ಬರಬೇಕು? ಬೆಂಗಳೂರಿನವರಿಗೆ ಲಾಗ್ ಕಳಿಸಿದರೆ "ಪೆಟ್ರೋಲ್ ಸರಿ ಇಲ್ಲ ಸಾರ್" ಅಂದರು. ಹಣ ವಾಪಸ್ ಬರಲಿಲ್ಲ.

ಆಮೇಲೆ ಮಣಿಪಾಲದ ಒಬ್ಬ ಹುಡುಗನ ಜತೆ ಕೂತು ಉಲ್ಟಾ ದಾರಿ ಹಿಡಿದೆವು. ಮೊದಲು ಬಿಸಿ, ಆಮೇಲೆ ಬೂಸ್ಟ್. ಈ ಎಂಜಿನ್‌ನಲ್ಲಿ ಟರ್ಬೋ ಗಾಳಿ ತಣಿಸುವ ಇಂಟರ್‌ಕೂಲರ್ ಇನ್‌ಟೇಕ್ ಮ್ಯಾನಿಫೋಲ್ಡ್ ಒಳಗೇ ಇದೆ, ಅದಕ್ಕೆ ಬೇರೆಯೇ ಕೂಲಂಟ್ ಸರ್ಕ್ಯೂಟ್. ಮುಂದಿನ ಸಣ್ಣ ರೇಡಿಯೇಟರ್ ಹೊರಗೆ ತೆಗೆದು ನೋಡಿದರೆ ಫಿನ್‌ಗಳ ನಡುವೆ ಲಾರಿ ಧೂಳು ಗಟ್ಟಿಯಾಗಿ ಕೂತಿತ್ತು. ಉಪ್ಪುಗಾಳಿಗೆ ಅಂಚುಗಳು ಬೆಳ್ಳಗೆ ಪುಡಿಪುಡಿ. ಬೆರಳು ತಾಗಿದರೆ ಉದುರುತ್ತಿತ್ತು. ಹೊಸದು ಹಾಕಿದೆ. ಸರ್ಕ್ಯೂಟ್‌ನಲ್ಲಿ ಸಿಕ್ಕಿಕೊಂಡ ಗಾಳಿ ತೆಗೆಯುವುದಕ್ಕೆ ನಮ್ಮದೇ ಒಂದು ಉಪಾಯ ಇದೆ, ಅದನ್ನು ಇಲ್ಲಿ ಹೇಳುವುದಿಲ್ಲ. ಇಷ್ಟಕ್ಕೇ ಅದೇ ಟ್ರಾಫಿಕ್‌ನಲ್ಲಿ ಹನ್ನೆರಡು ಡಿಗ್ರಿಯಷ್ಟು ಇಳಿಯಿತು.

ಡಿಎಸ್‌ಜಿಯ ಮಾದರಿ ಡಿಕ್ಯೂ200, ಡ್ರೈ ಕ್ಲಚ್ (ಎಣ್ಣೆಯಲ್ಲಿ ಮುಳುಗಿರದ್ದು), ಮಿತಿ 250 ಎನ್‌ಎಂ. ಅದಕ್ಕೇ 220ಕ್ಕೆ ನಿಲ್ಲಿಸಿದ್ದು. ಮೊದಲ ಎರಡು ಗೇರ್‌ನಲ್ಲಿ ಇನ್ನೂ ಕಮ್ಮಿ. ಕ್ಲಚ್ ಸುಡುವುದು ಪೀಕ್ ನಂಬರ್‌ನಿಂದ ಅಲ್ಲ, 1700ರಲ್ಲಿ ಒಮ್ಮೆಲೇ ಟಾರ್ಕ್ ಬಂದು ಗುದ್ದುವುದರಿಂದ ಅನ್ನುವುದು ನನ್ನ ಅಭಿಪ್ರಾಯ. ಅಲ್ಲಿ ಟಾರ್ಕ್ ನಿಧಾನಕ್ಕೆ ಏರುವಂತೆ ಮಾಡಿದೆವು. ಯಾವ ಆರ್‌ಪಿಎಂಗೆ ಎಷ್ಟು ಅಂತ ಕೇಳಬೇಡಿ, ಆ ಟೇಬಲ್‌ಗೇ ಜಾಸ್ತಿ ರಾತ್ರಿ ನಿದ್ದೆ ಕೆಟ್ಟದ್ದು. ಪ್ರತಿ ಸಲ ಫೈಲ್ ಬದಲಿಸಿದಾಗಲೂ ಕ್ಲಚ್ ಜಾರುತ್ತದೆಯಾ ಅಂತ ಎಂಜಿನ್ ಮತ್ತು ಗೇರ್‌ಬಾಕ್ಸ್‌ನ ಇನ್‌ಪುಟ್ ಶಾಫ್ಟ್ ಆರ್‌ಪಿಎಂ ಪಕ್ಕಪಕ್ಕ ಇಟ್ಟು ನೋಡಿದೆವು. ಈಗ ಟೈಮಿಂಗ್ ಎರಡು ಡಿಗ್ರಿಗಿಂತ ಜಾಸ್ತಿ ಹಿಂದೆ ಹೋಗುವುದಿಲ್ಲ.

ಇನ್ನು ರಸ್ತೆಯ ಲೆಕ್ಕ. ಪಡುಬಿದ್ರಿ ದಾಟಿದ ಮೇಲೆ, ಹೈವೇ ಖಾಲಿ ಇರುವ ಬೆಳಗಿನ ಹೊತ್ತು, ನಾಲ್ಕನೇ ಗೇರ್‌ನಲ್ಲೇ 60ರಿಂದ 100. ಸ್ಟಾಕ್ ಎಂಟೂವರೆ ಸೆಕೆಂಡ್, ಈಗ ಆರೂವರೆಯಿಂದ ಏಳು. ಎರಡೂ ದಿಕ್ಕಿಗೆ ಓಡಿಸಿ ಸರಾಸರಿ ಹಿಡಿಯಿರಿ, ಸಮುದ್ರದ ಗಾಳಿ ಅರ್ಧ ಸೆಕೆಂಡ್ ತಿನ್ನುತ್ತದೆ. ಸೋಮೇಶ್ವರದಿಂದ ಆಗುಂಬೆಗೆ ನಾಲ್ಕು ಜನ, ಎಸಿ ಹಾಕಿಕೊಂಡು ಹತ್ತಿದರೂ ಹದಿನಾಲ್ಕು ತಿರುವುಗಳಲ್ಲಿ ಒಂದರಲ್ಲೂ ಪೂರ್ತಿ ಆಕ್ಸಿಲರೇಟರ್ ಒತ್ತಬೇಕಾಗಿಲ್ಲ.

ನಡುವೆ ಸುಮ್ನೆ ಒಂದೆರಡು ಆಟವೂ ಆಡಿದೆ. ಓಪನ್ ಕೋನ್ ಏರ್ ಫಿಲ್ಟರ್ ಹಾಕಿದೆ. ಸದ್ದು ಭಾರೀ ಚಂದ. ಆದರೆ ಬಾನೆಟ್ ಒಳಗಿನ ಬಿಸಿಗಾಳಿಯನ್ನೇ ಎಳೆಯಿತು, ಜೂನ್ ಮಳೆಗೆ ಫಿಲ್ಟರ್ ಪೂರ್ತಿ ಒದ್ದೆ. ಆರು ಸಾವಿರದ ಫಿಲ್ಟರ್ ಈಗ ಅಟ್ಟದಲ್ಲಿದೆ. ಸ್ಪಾರ್ಕ್ ಪ್ಲಗ್ ಗ್ಯಾಪ್ ಸ್ವಲ್ಪ ಕಮ್ಮಿ ಮಾಡಿದ್ದು ಮಾತ್ರ ಕೆಲಸಕ್ಕೆ ಬಂತು, ಏರುವಾಗ ಆಗುತ್ತಿದ್ದ ಸಣ್ಣ ಮಿಸ್‌ಫೈರ್ ನಿಂತಿತು.

ಪೆಟ್ರೋಲ್ 95 ಆಕ್ಟೇನ್‌ನದೇ, ಲೀಟರಿಗೆ ಸ್ವಲ್ಪ ಜಾಸ್ತಿ ಬೆಲೆ. ಫೈಲ್ ಬರೆದದ್ದೇ ಅದಕ್ಕೆ. ಪೆಟ್ರೋಲ್‌ನಲ್ಲಿ ಎಥನಾಲ್ ಜಾಸ್ತಿ ಆದಮೇಲೆ ಫ್ಯೂಯೆಲ್ ಟ್ರಿಮ್ ಪ್ಲಸ್ ಕಡೆ ಹೋಗಿದೆ, ಅಂದರೆ ಇಸಿಯು ಪೆಟ್ರೋಲ್ ಜಾಸ್ತಿ ಹಾಕುತ್ತಿದೆ. ಮೈಲೇಜ್ ಒಂದು ಕಿಲೋಮೀಟರ್ ಇಳಿದಿದೆ, ಆದರೆ ನಾಕ್ (ಸಿಲಿಂಡರ್ ಒಳಗೆ ಪೆಟ್ರೋಲ್ ತಾನಾಗಿ ಸಿಡಿಯುವುದು) ಜಾಸ್ತಿಯಾಗಿಲ್ಲ. ಖರ್ಚು ಒಟ್ಟು ಎಪ್ಪತ್ತು ಸಾವಿರದ ಹತ್ತಿರ, ಬೆಂಗಳೂರಿನಲ್ಲಿ ಮುಳುಗಿದ್ದೂ ಸೇರಿ. ಬರೀ ಈ ದಾರಿಯಲ್ಲೇ ಹೋದರೆ ನಲವತ್ತರೊಳಗೆ ಮುಗಿಯುತ್ತದೆ. ವಾರಂಟಿ ಇರುವ ಗಾಡಿಗೆ ಮುಟ್ಟಬೇಡಿ, ಇನ್ಶೂರೆನ್ಸ್‌ನವರಿಗೆ ಹೇಳಿಯೇ ಮಾಡಿ. ಈ ಮಳೆಗಾಲ ಮುಗಿದ ಮೇಲೆ ಮ್ಯಾನಿಫೋಲ್ಡ್ ಬಿಚ್ಚಿ ವಾಲ್ವ್ ಮೇಲಿನ ಕಾರ್ಬನ್ ತೆಗೆಸಬೇಕು. ಡೈರೆಕ್ಟ್ ಇಂಜೆಕ್ಷನ್ ಅಲ್ವಾ, ಪೆಟ್ರೋಲ್ ವಾಲ್ವ್ ತೊಳೆಯುವುದಿಲ್ಲ, ಇಷ್ಟು ಓಡಿದ ಮೇಲೆ ಕೂತೇ ಇರುತ್ತದೆ. ತೆಗೆಯುವ ಮೊದಲು ಒಂದು ಲಾಗ್, ತೆಗೆದ ಮೇಲೆ ಒಂದು.